ಹಳದಿ ದೀಪಕ್ಕೆ ಸ್ಟಿಕ್ಕರ್ ಅಂಟಿಸಬೇಡಿ

ಊರ ರಸ್ತೆ, ನಮ್ಮ ಗಾಡಿ · ಭಾಗ 9

ಮೊದಲನೇ ಫೋಟೋ ನೋಡಿದ್ರಾ? ಮೀಟರ್ ಬೋರ್ಡ್ ಮೇಲೆ ಹಳದಿ ಬಣ್ಣದ ಕುದುರೆ ಲಾಳದಂಥ ಗುರುತು, ಅದರ ನಡುವೆ ಒಂದು ಆಶ್ಚರ್ಯಸೂಚಕ. ಎರಡನೇ ಫೋಟೋದಲ್ಲಿ ಅದೇ ಜಾಗಕ್ಕೆ ಚಿಕ್ಕದೊಂದು ಕಪ್ಪು ಸ್ಟಿಕ್ಕರ್. ಎರಡೂ ನನ್ನ ಕಾರೇ. ಸ್ಟಿಕ್ಕರ್ ಅಂಟಿಸಿದವನೂ ನಾನೇ. ಇವತ್ತು ಬರೀತಿರೋದು ಆ ಸ್ಟಿಕ್ಕರ್ ಬಗ್ಗೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡು ಓದಿ.

1.
ಬನ್ನೂರಲ್ಲಿ ಹಿಮ ಬೀಳಲ್ಲ, ಚಳಿಗಾಲಕ್ಕೆ ಅಂತ ಬೇರೆ ಟೈರು ಹಾಕೋ ಪ್ರಮೇಯ ನಮಗಿಲ್ಲ. ನಮ್ಮ ಕಡೆ ಟೈರು ನೆನಪಾಗೋದು ಮುಂಗಾರಿಗೆ ಮುಂಚೆ. ಬಟನ್ ಸವೆದು ಬೋಳಾಗಿರುತ್ತೆ, ಮೈಸೂರು ರಸ್ತೇಲಿ ಮೊದಲ ಮಳೆಗೆ ಗಾಡಿ ಜಾರುತ್ತೆ, ಆಗ ಎದ್ದುಬಿದ್ದು ಅಂಗಡಿಗೆ ಓಡ್ತೀವಿ. ನಾನೂ ಹಾಗೇ ಮೇ ಕೊನೇಲಿ ನಾಲ್ಕೂ ಟೈರು ಬದಲಾಯಿಸ್ದೆ. ವಾಪಸ್ ಬರೋವಾಗ ದೀಪ ಒಂದು ನಿಮಿಷ ಮಿಣಮಿಣ ಅಂದು, ಆಮೇಲೆ ಹಾಗೇ ನಿಂತ್ಕೊಂತು. ಅಂಗಡಿಗೆ ವಾಪಸ್ ಹೋಗಿ ಕೇಳಿದ್ರೆ ಹುಡುಗ ಅಂದ: "ಗಾಳಿ ಸರಿಯಾಗೇ ಐತೆ ಕಣಣ್ಣ. ಅದು ಸುಮ್ನೆ ಲೈಟು. ಏನೂ ಆಗಲ್ಲ, ಓಡ್ಸಿ."

ಏನೂ ಆಗಲಿಲ್ಲ ಕೂಡ. ಜೂನ್ ಹೋಯ್ತು, ಜುಲೈ ಹೋಯ್ತು. ರಾತ್ರಿ ಹೊತ್ತು ಕಣ್ಣಿಗೆ ಚುಚ್ಚುತ್ತೆ ಅಂತ ಸ್ಟಿಕ್ಕರ್ ಅಂಟಿಸ್ದೆ.

2.
ಆಗಸ್ಟಲ್ಲಿ ವರಮಹಾಲಕ್ಷ್ಮಿ ಹಬ್ಬ ಮುಗಿಸ್ಕೊಂಡು ಬೆಂಗಳೂರಿಂದ ಬರ್ತಿದ್ವಿ. ಕಾರಲ್ಲಿ ಅಪ್ಪ, ಅಮ್ಮ, ಅಕ್ಕ, ಅಕ್ಕನ ಇಬ್ಬರು ಮಕ್ಕಳು. ಎಕ್ಸ್‌ಪ್ರೆಸ್‌ವೇನಲ್ಲಿ ನೂರರ ಹತ್ತಿರ. ಮಕ್ಕಳು ವಡೆ ಬೇಕು ಅಂತ ಗಲಾಟೆ ಮಾಡಿದ್ದಕ್ಕೆ ಮದ್ದೂರಲ್ಲಿ ಸರ್ವಿಸ್ ರೋಡಿಗೆ ಇಳಿಸ್ದೆ.

ನಮ್ಮಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಬೆಲ್ಲ, ಭತ್ತ, ಇಟ್ಟಿಗೆ, ಎಲ್ಲ ಹೊತ್ತವರು. ಗಾಡಿ ನಿಂತ ಕೂಡ್ಲೆ ಇಳಿದು ಟೈರಿಗೆ ಒಂದೊಂದು ಏಟು ಹಾಕೋದು ಅವರ ಅಭ್ಯಾಸ. ದಣ್ ಅಂದ್ರೆ ಗಾಳಿ ಇದೆ, ದಪ್ ಅಂದ್ರೆ ಇಲ್ಲ. ನಾವು ಅದನ್ನ ನೋಡಿ ನಗ್ತಿದ್ವಿ. ಅವತ್ತು ಹಿಂದಿನ ಬಲಗಡೆ ಟೈರಿಗೆ ಕೈ ಇಟ್ಟವರು ತಕ್ಷಣ ತೆಗೆದ್ರು. "ಕಾದ ಹೆಂಚು ಆಗೈತಲ್ಲೋ ಇದು" ಅಂದ್ರು.

ಒಂದು ಮೊಳೆ. ಅಳೆದಾಗ 17 ಪಿಎಸ್‌ಐ. ಇರಬೇಕಾದದ್ದು 33. ಇನ್ನು ಇಪ್ಪತ್ತು ಕಿಲೋಮೀಟರ್ ಅದೇ ಸ್ಪೀಡಲ್ಲಿ ಹೋಗಿದ್ರೆ? ಆ ಟೈರಿನ ಮೇಲ್ಗಡೆ ಸೀಟಲ್ಲಿ ಕೂತಿದ್ದದ್ದು ಅಕ್ಕನ ಚಿಕ್ಕ ಮಗಳು. ಆ ವಡೆ ನನ್ನ ಗಂಟಲಲ್ಲಿ ಇಳೀಲಿಲ್ಲ.

ಕಾರಿನಲ್ಲಿ ಸೆನ್ಸರ್ ಇತ್ತು. ಆ ಟೈರಿನ ಸೆನ್ಸರ್ ಚೆನ್ನಾಗೇ ಇತ್ತು, ಗಾಳಿ ಇಳಿದದ್ದನ್ನ ಹೇಳಿರಲೂಬೇಕು. ಆದರೆ ಮೇ ತಿಂಗಳಲ್ಲಿ ಮುರಿದಿದ್ದ ಎಡಗಡೆ ಸೆನ್ಸರ್‌ನಿಂದಾಗಿ ದೀಪ ಮೂರು ತಿಂಗಳಿಂದ ಉರೀತಾನೇ ಇತ್ತಲ್ಲ? ಯಾವಾಗಲೂ ಉರಿಯೋ ದೀಪ ಹೊಸದಾಗಿ ಏನು ಹೇಳೋಕಾಗುತ್ತೆ? ಅದರ ಮೇಲೆ ನನ್ನ ಸ್ಟಿಕ್ಕರ್ ಬೇರೆ.

3.
ಈಗ ವಿಷಯಕ್ಕೆ ಬರ್ತೀನಿ. ಆ ದೀಪಕ್ಕೆ ಎರಡು ಭಾಷೆ ಇದೆ. ಹಾಕಿದ ಕೂಡ್ಲೆ ಹಾಗೇ ನಿಂತು ಉರಿದರೆ, ಯಾವುದೋ ಟೈರಲ್ಲಿ ಗಾಳಿ ಕಮ್ಮಿ. ಒಂದು–ಒಂದೂವರೆ ನಿಮಿಷ ಮಿಣುಕಿ ಆಮೇಲೆ ನಿಂತರೆ, ಬಹುತೇಕ ಗಾಡಿಗಳಲ್ಲಿ ಸೆನ್ಸರ್ ವ್ಯವಸ್ಥೆಯೇ ಕೆಟ್ಟಿದೆ ಅಂತ ಅರ್ಥ. ನನಗೆ ಮೇ ತಿಂಗಳಲ್ಲೇ ಅದು ಸ್ಪಷ್ಟವಾಗಿ ಹೇಳಿತ್ತು. ಕಾರಿನ ಜೊತೆ ಕೊಟ್ಟ ಇಂಗ್ಲಿಷ್ ಪುಸ್ತಕವನ್ನ ಒಂದು ಸಲನೂ ಬಿಚ್ಚದೆ ಇದ್ದವನು ನಾನು.

ಸೆನ್ಸರ್‌ನಲ್ಲೂ ಎರಡು ಜಾತಿ. ಒಂದು, ಟೈರಿನ ಒಳಗೆ ವಾಲ್ವಿನ ಬುಡದಲ್ಲಿ ಕೂತಿರೋದು. ಅದಕ್ಕೆ ಪುಟ್ಟ ಬ್ಯಾಟರಿ, ಪುಟ್ಟ ರೇಡಿಯೋ. ಗಾಳಿ ಎಷ್ಟಿದೆ ಅಂತ ನೇರವಾಗಿ ಅಳೆದು ಹೇಳುತ್ತೆ. ಬ್ಯಾಟರಿ ಐದರಿಂದ ಹತ್ತು ವರ್ಷ ಬರುತ್ತೆ. ಮುಗಿದ್ಮೇಲೆ ಬ್ಯಾಟರಿ ಮಾತ್ರ ಹಾಕೋಕಾಗಲ್ಲ, ಇಡೀ ಸೆನ್ಸರ್ರೇ ಹೊಸದು ಬೇಕು. ಇನ್ನೊಂದು ಜಾತಿಯಲ್ಲಿ ಟೈರಿನೊಳಗೆ ಏನೂ ಇರಲ್ಲ. ಎಬಿಎಸ್ ಬ್ರೇಕಿನ ಸೆನ್ಸರ್‌ಗಳು ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅಂತ ನೋಡ್ತಿರುತ್ವೆ. ಗಾಳಿ ಇಳಿದ ಚಕ್ರದ ಸುತ್ತಳತೆ ಚೂರು ಕಮ್ಮಿಯಾಗಿ ಅದು ಜಾಸ್ತಿ ಸುತ್ತು ಹೊಡೆಯುತ್ತೆ, ಅದರಿಂದ ಅಂದಾಜು ಮಾಡುತ್ತೆ.

ಈ ಎರಡನೇ ಜಾತಿಯವರು ಹುಷಾರು. ಟೈರು ಬದಲಿಸಿ ಗಾಳಿ ತುಂಬಿಸಿದ ಮೇಲೆ ರಿಸೆಟ್ ಒತ್ತಬೇಕು. ಆದರೆ ದೀಪ ಬಂತು ಅಂತ ಗಾಳಿ ತುಂಬಿಸದೆ ರಿಸೆಟ್ ಒತ್ತಿದ್ರೆ, ಅದು ಇಳಿದ ಗಾಳಿಯನ್ನೇ ಸರಿ ಅಂತ ಕಲಿತುಬಿಡುತ್ತೆ. ಸ್ಟಿಕ್ಕರ್ ಅಂಟಿಸೋದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ.

4.
ನಮ್ಮ ಚಿಕ್ಕಮ್ಮನ ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಅವನಿಗೆ ಈ ಕೆಲಸ ವರ್ಷಕ್ಕೆ ಎರಡು ಸಲ. ಅಕ್ಟೋಬರಿಂದ ಈಸ್ಟರ್ ತನಕ ಚಳಿಗಾಲದ ಟೈರು, ಆಮೇಲೆ ಬೇಸಿಗೆಯದು. ಅಲ್ಲಿ 2014ರ ನವೆಂಬರಿಂದ ಮಾರೋ ಹೊಸ ಕಾರಿಗೆಲ್ಲ ಈ ವ್ಯವಸ್ಥೆ ಕಡ್ಡಾಯ. ಹಾಗಾಗಿ ಚಳಿಗಾಲದ ಚಕ್ರಕ್ಕೂ ಬೇರೆ ನಾಲ್ಕು ಸೆನ್ಸರ್ ಹಾಕಿಸಿ ಇಟ್ಕೊಂಡಿದ್ದಾನೆ.

ಅವನು ಹೇಳಿದ ಮಾತು: ಒಂದೊಂದು ಸೆನ್ಸರ್‌ಗೂ ಒಂದು ನಂಬರ್ ಇರುತ್ತೆ, ನಮ್ಮ ಆಧಾರ್ ಇದ್ದಂಗೆ. ಹೊಸ ಸೆನ್ಸರ್ ಹಾಕಿದ್ರೆ ಆ ನಂಬರ್ ಕಾರಿಗೆ ಗೊತ್ತಾಗಬೇಕು. ಕೆಲವು ಕಾರು ಸ್ವಲ್ಪ ದೂರ ಓಡಿಸಿದ್ರೆ ತಾನೇ ಕಲಿಯುತ್ತೆ. ಕೆಲವಕ್ಕೆ ಸಣ್ಣ ಯಂತ್ರ ಇಟ್ಟು ಕಲಿಸಬೇಕು. ಹಳೇ ಸೆನ್ಸರ್‌ನ ನಂಬರನ್ನೇ ಹೊಸದಕ್ಕೆ ನಕಲು ಮಾಡೋ ಸೆನ್ಸರ್‌ಗಳೂ ಸಿಗುತ್ವೆ, ಆಗ ಕಾರಿಗೆ ಬದಲಾವಣೆಯೇ ಗೊತ್ತಾಗಲ್ಲ. ನಮ್ಮಲ್ಲಿ ಟೈರನ್ನ ಹಿಂದುಮುಂದು ಮಾಡಿಸ್ತೀವಲ್ಲ, ಆಗಲೂ ಇದೇ ಕಥೆ. ಕಾರಿಗೆ ಹೇಳದಿದ್ರೆ ಮುಂದಿನ ಟೈರಿನ ಪಂಕ್ಚರನ್ನ ಹಿಂದಿನದು ಅಂತ ತೋರಿಸಬಹುದು.

ಅಲ್ಲಿ ಚಳಿ ಬಿದ್ದ ಮೊದಲ ಬೆಳಗ್ಗೆ ಎಷ್ಟೋ ಜನರ ಕಾರಲ್ಲಿ ಈ ದೀಪ ಹತ್ತುತ್ತಂತೆ. ಹೆಚ್ಚುಕಮ್ಮಿ ಐದೂವರೆ ಡಿಗ್ರಿ ತಣ್ಣಗಾದ್ರೆ ಒಂದು ಪಿಎಸ್‌ಐ ಇಳಿಯುತ್ತೆ. ನಮ್ಮ ಮಾಗಿ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಎರಡು ಪಿಎಸ್‌ಐ ವ್ಯತ್ಯಾಸ ಆರಾಮಾಗಿ ಬರುತ್ತೆ. ಅದಕ್ಕೇ ಗಾಳಿ ನೋಡಬೇಕಾದ್ದು ಬೆಳಗ್ಗೆ, ಟೈರು ತಣ್ಣಗಿರೋವಾಗ. ಹೈವೇಲಿ ಓಡಿ ಬಂದು ಬಿಸಿ ಟೈರಿನ ಗಾಳಿ ಇಳಿಸಬೇಡಿ.

5.
"ನಮ್ಮಪ್ಪ ಸೆನ್ಸರ್ ಇಲ್ದೆ ಓಡಿಸಲಿಲ್ವಾ?" ಅಂತ ನೀವು ಕೇಳ್ತೀರಿ. ಓಡಿಸಿದ್ರು. ಆದರೆ ಅವರು ನಿಂತಲ್ಲೆಲ್ಲ ಟೈರಿಗೆ ಏಟು ಹಾಕ್ತಿದ್ರು. ಬನ್ನೂರಿಂದ ಮೈಸೂರಿಗೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳ್ಕೊಂಡು ಹೋಗೋವಾಗ ಗಾಳಿ ಇಳಿದರೆ ಗಾಡಿ ಎಳೆಯುತ್ತೆ, ಪಕ್ಕಕ್ಕೆ ಹಾಕ್ತೀವಿ. ನೂರರ ವೇಗದಲ್ಲಿ ಕತೆ ಬೇರೆ. ಗಾಳಿ ಕಮ್ಮಿ ಇದ್ದ ಟೈರಿನ ಪಕ್ಕ ಒಂದೇ ಸಮ ಮಡಚಿ ಮಡಚಿ ಕಾಯುತ್ತೆ, ಒಳಗಿನ ಪದರ ಬಿಡುತ್ತೆ, ಸಿಡಿಯುತ್ತೆ. 2000ನೇ ಇಸವಿ ಹೊತ್ತಿಗೆ ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಪದರ ಕಿತ್ತು ಗಾಡಿಗಳು ಪಲ್ಟಿಯಾಗಿ 250ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಬಂದ ಕಾಯ್ದೆಯಿಂದಲೇ ಅಲ್ಲಿ ಈ ದೀಪ ಕಡ್ಡಾಯ ಆದದ್ದು. ಆ ದೀಪದ ಹಿಂದೆ ಅಷ್ಟು ಹೆಣ ಇದೆ.

ನಮ್ಮ ದೇಶದಲ್ಲಿ ಇನ್ನೊಂದು ಸೂಕ್ಷ್ಮ ಇದೆ. 2020ರ ಅಕ್ಟೋಬರಿಂದ, ಮೂರೂವರೆ ಟನ್ ಒಳಗಿನ ಗಾಡೀಲಿ ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ಟು, ಈ ಸೆನ್ಸರ್ ವ್ಯವಸ್ಥೆ ಇದ್ರೆ ಸ್ಟೆಪ್ನಿ ಕೊಡಲೇಬೇಕು ಅಂತಿಲ್ಲ. ಅಂದ್ರೆ ಸೆನ್ಸರ್ ಇದೆ ಅನ್ನೋ ಧೈರ್ಯದ ಮೇಲೆ ಸ್ಟೆಪ್ನಿ ಬಿಟ್ಟಿದ್ದಾರೆ. ಅಂಥ ಗಾಡೀಲಿ ಸೆನ್ಸರ್ರೂ ಸತ್ತರೆ ನಿಮ್ಮ ಹತ್ರ ಅದೂ ಇಲ್ಲ, ಇದೂ ಇಲ್ಲ.

6.
ಹಾಗಂತ ಟೈರ್ ಅಂಗಡಿ ಹುಡುಗನ್ನ ಬೈಯೋಕೆ ನಾನು ಬಂದಿಲ್ಲ. ಅವನು ಕೆಲಸ ಕಲಿತದ್ದು ಟ್ರ್ಯಾಕ್ಟರು, ಟೆಂಪೋ ಟೈರಲ್ಲಿ. ಡಿಸ್ಕಿಂದ ಟೈರು ಬಿಡಿಸೋ ಯಂತ್ರದ ತುಟಿ ವಾಲ್ವಿನ ಹತ್ರ ಬಂದ್ರೆ ಒಳಗಿರೋ ಸೆನ್ಸರ್ ಮುರಿಯುತ್ತೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಲಕ್ಷಗಟ್ಟಲೆ ಬೆಲೆಯ ಕಾರು ಮಾರೋರು ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಡಲ್ಲ, ಕೊಂಡ ನಾವು ಓದಲ್ಲ, ಕೊನೆಗೆ ತಪ್ಪೆಲ್ಲ ಆ ಹುಡುಗನ ತಲೆಗೆ. ಇದು ನ್ಯಾಯ ಅಲ್ಲ. ನಮ್ಮ ಗಾಡೀಲಿ ಏನಿದೆ ಅಂತ ಹೇಳಬೇಕಾದೋರು ನಾವು. ನಾನು ಹೇಳಿರಲಿಲ್ಲ, ಅದಕ್ಕೆ ಮೂರು ಸಾವಿರದ ಮೇಲೆ ತೆತ್ತೆ. ಅಗ್ಗಕ್ಕೇ ಮುಗೀತು ಅಂದ್ಕೋತೀನಿ.

7.
ಕೊನೇ ಫೋಟೋ ಸೇವ್ ಮಾಡ್ಕೊಳ್ಳಿ. ಅದರಲ್ಲಿರೋದು ಇಷ್ಟೇ:

• ಟೈರು ಬಿಚ್ಚೋ ಮುಂಚೆ ಬಾಯಿಬಿಟ್ಟು ಹೇಳಿ: "ಒಳಗೆ ಸೆನ್ಸರ್ ಇದೆ, ವಾಲ್ವಿನ ಹತ್ರ ಹುಷಾರು." ಬಿಚ್ಚೋವಾಗ ಪಕ್ಕದಲ್ಲೇ ನಿಂತಿರಿ.
• ಹೊಸ ಟೈರು ಹಾಕೋವಾಗ ಸೆನ್ಸರ್ ವಾಲ್ವಿನ ರಬ್ಬರ್ ಸೀಲು, ಒಳಗಿನ ಪಿನ್ನು ಹೊಸದು ಹಾಕಿಸಿ. ಅಲ್ಯೂಮಿನಿಯಂ ವಾಲ್ವಿಗೆ ಹಿತ್ತಾಳೆ ಪಿನ್ನು ಬೇಡ, ತುಕ್ಕು ಹಿಡಿದು ಕಚ್ಕೊಳ್ಳುತ್ತೆ. ಮುಚ್ಚಳ ಪ್ಲಾಸ್ಟಿಕ್ಕಿಂದೇ ಇರಲಿ.
• ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲ ಪಕ್ಕದ ಪಟ್ಟಿ ನೋಡಿ ಹೇಳಿ. ಟೈರಿನ ಮೈಮೇಲೆ ಬರೆದಿರೋದು ಗರಿಷ್ಠ ಮಿತಿ, ಅದನ್ನ ತುಂಬಿಸಬೇಡಿ.
• ಅಂಗಡಿಯಿಂದ ಹೊರಟು ಐದು ಕಿಲೋಮೀಟರ್ ಓಡಿಸಿ. ದೀಪ ಆರದಿದ್ರೆ ಅವತ್ತೇ ವಾಪಸ್ ಹೋಗಿ.
• ತಿಂಗಳಿಗೊಂದು ಸಲ ನೀವೇ ಗೇಜ್ ಇಟ್ಟು ನೋಡಿ. ಅಮೆರಿಕದ ನಿಯಮದಲ್ಲಿ ಗಾಳಿ ಕಾಲು ಭಾಗ ಇಳಿದ್ರೆ ದೀಪ ಬಂದ್ರೆ ಸಾಕು. 33ರ ಟೈರು 25ಕ್ಕೆ ಬರೋ ತನಕ ಅದು ಸುಮ್ಮನಿರಬಹುದು. ದೀಪ ಇಲ್ಲ ಅಂದ್ರೆ ಗಾಳಿ ಸರಿ ಇದೆ ಅಂತಲ್ಲ.
• ಸೆನ್ಸರ್ ಇಲ್ಲದ ಹಳೇ ಕಾರಾದ್ರೆ ವಾಲ್ವಿನ ಮುಚ್ಚಳದ ಜಾಗಕ್ಕೆ ಹಾಕೋ ಸೆನ್ಸರ್ ಸಿಗುತ್ತೆ. ಹಾಕಿದ ಮೇಲೆ ಸೋಪಿನ ನೀರು ಹಚ್ಚಿ ಗಾಳಿ ಸೋರ್ತಿದೆಯಾ ನೋಡಿ.

ನನ್ನ ಸ್ಟಿಕ್ಕರ್ ಈಗ ಇಲ್ಲ. ಅಪ್ಪ ಮಾತ್ರ ಇವತ್ತಿಗೂ ಗಾಡಿ ನಿಂತ ಕೂಡ್ಲೆ ಇಳಿದು ನಾಲ್ಕು ಟೈರಿಗೂ ಏಟು ಹಾಕ್ತಾರೆ. ಈಗ ನಾನು ನಗಲ್ಲ, ಆ ಕಡೆಯ ಎರಡು ಟೈರು ನಾನು ನೋಡ್ತೀನಿ.

ನಿಮ್ಮ ಮೀಟರ್ ಮೇಲೆ ಯಾವ ದೀಪ ಉರೀತಿದೆ? ಎಷ್ಟು ದಿನದಿಂದ? ಕಾಮೆಂಟಲ್ಲಿ ನಿಜ ಹೇಳಿ, ಯಾರೂ ನಗಲ್ಲ. ಈ ವಾರ ದೂರದೂರಿಗೆ ಹೊರಟಿರೋರು ಯಾರಾದ್ರೂ ಇದ್ರೆ ಅವರಿಗೆ ಇದನ್ನ ಕಳಿಸಿ.

#ಬನ್ನೂರು #ಊರರಸ್ತೆನಮ್ಮಗಾಡಿ #ಟೈರು #ಮೈಸೂರು