ಹತ್ತು ದಿನದ ಸೇವೆ ಯಾರಿಗೆ?

ಅಮೆರಿಕದಂಥ ದೇಶಗಳ ಚರ್ಚುಗಳಲ್ಲಿ ಬೇಸಿಗೆ ರಜೆ ಬಂತೆಂದರೆ 'ಮಿಷನ್ ಟ್ರಿಪ್' ಶುರು. ಹತ್ತಿಪ್ಪತ್ತು ಜನರ ಗುಂಪು ಚಂದಾ ಎತ್ತಿ, ವಿಮಾನ ಹತ್ತಿ, ಯಾವುದೋ ಬಡದೇಶದ ಹಳ್ಳಿಗೆ ಹೋಗುತ್ತದೆ. ಒಂದೆರಡು ವಾರ ಶಾಲೆ ಗೋಡೆಗೆ ಬಣ್ಣ ಬಳಿದು, ಮಕ್ಕಳಿಗೆ ಹಾಡು ಹೇಳಿಕೊಟ್ಟು, ಫೋಟೊ ತೆಗೆಸಿಕೊಂಡು ವಾಪಸ್ ಹೋಗುತ್ತದೆ. ಇದಕ್ಕೆ ಸೇವೆ ಎಂದು ಹೆಸರು.

ಪಾಲಹಳ್ಳಿಯಲ್ಲಿ ಕೂತು ನಾವು ನೇರವಾಗಿ ಹೇಳುತ್ತೇವೆ: ಇದು ಸೇವೆಯಲ್ಲ, ಪ್ರವಾಸ. ಪ್ರವಾಸ ತಪ್ಪಲ್ಲ. ನಮ್ಮೂರ ಪಕ್ಕದ ರಂಗನತಿಟ್ಟಿಗೂ ದಿನಾ ಜನ ಬರುತ್ತಾರೆ, ಟಿಕೆಟ್ ತಗೊಂಡು ದೋಣಿ ಹತ್ತುತ್ತಾರೆ. ಹಕ್ಕಿಗಳ ಸೇವೆ ಮಾಡಿದೆವು ಅಂತ ಯಾರೂ ಹೇಳಿಕೊಳ್ಳುವುದಿಲ್ಲ.

ಇದು ಧರ್ಮದ ಜಗಳವೂ ಅಲ್ಲ. ನಮ್ಮ ತಾಲ್ಲೂಕಿಗೆ ಮಿಷನರಿಗಳು ಹೊಸಬರಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್ ಬಂದರು. ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಇವತ್ತಿಗೂ ಇದೆ. ಅವರು ಇಲ್ಲಿನವರಂತೆ ಉಟ್ಟರು, ಇಲ್ಲಿನವರಂತೆ ಉಂಡರು. ಜನ 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಸಿಡುಬಿಗೆ ದಾಕು ಹಾಕಿಸುವುದೆಂದರೆ ಜನ ಹೆದರುತ್ತಿದ್ದ ಕಾಲದಲ್ಲಿ, 1803-04ರಲ್ಲಿ, ಅವರ ಓಡಾಟದಿಂದ ದಾಕು ಹಾಕಿಸಿಕೊಂಡವರು 25,432 ಮಂದಿ. ಅವರು ದೇಶ ಬಿಟ್ಟದ್ದು 1823ರಲ್ಲಿ, ಭಾರತಕ್ಕೆ ಬಂದ 31 ವರ್ಷಕ್ಕೆ.

ಅವರೂ ಮತಪ್ರಚಾರಕ್ಕೇ ಬಂದವರು. ಆ ಕೆಲಸ ಇಲ್ಲಿ ಕೈಗೂಡುವುದಿಲ್ಲ ಎಂದು ಕೊನೆಗೆ ತಾವೇ ಬರೆದರು. ಆದರೆ ದಾಕು ಉಳಿಯಿತು, ಜೀವ ಉಳಿಯಿತು.

ಪತ್ರಿಕೋದ್ಯಮ ಓದಿದ ನಾವು ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸುತ್ತೇವೆ. 1843ರ ಆ ದಿನ 'ಮಂಗಳೂರ ಸಮಾಚಾರ' ಹೊರತಂದ ಹರ್ಮನ್ ಮೋಗ್ಲಿಂಗ್ ಕೂಡ ಮಿಷನರಿಯೇ. ಅಷ್ಟರಲ್ಲಿ ಅವರು ಬಂದು ಏಳು ವರ್ಷವಾಗಿತ್ತು. 1853ರಲ್ಲಿ ಬಂದ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಮ್ಮ ಮಾತು ಕಲಿತವರಿಂದ ನಮಗೇನೋ ಉಳಿಯಿತು. 'ನಮಸ್ತೆ' ಒಂದನ್ನೇ ಕಲಿತು ಹೊರಟವರಿಂದ ಉಳಿಯುವುದೇನು?

ಲೆಕ್ಕ ಹಾಕಿ. ಅಮೆರಿಕದಿಂದ ಬಂದುಹೋಗುವ ಒಬ್ಬರ ಟಿಕೆಟ್ಟಿಗೆ ಹೆಚ್ಚುಕಮ್ಮಿ ಲಕ್ಷ ರೂಪಾಯಿ. ಇಪ್ಪತ್ತು ಜನಕ್ಕೆ ಇಪ್ಪತ್ತು ಲಕ್ಷ. ಗೋಡೆಗೆ ಬಣ್ಣ ಹೊಡೆಯಲು ನಮ್ಮಲ್ಲಿ ಪೇಂಟರ್ ಇಲ್ಲವೇ? ಗಾರೆ ಕೆಲಸದವರು ಇಲ್ಲವೇ? ಅವರ ಕೂಲಿಯನ್ನು ಕಿತ್ತು, ಬ್ರಶ್ ಹಿಡಿದು ಗೊತ್ತಿಲ್ಲದವರ ಕೈಗೆ ಕೊಟ್ಟು ಚಪ್ಪಾಳೆ ತಟ್ಟಬೇಕೇ?

ಅವರು ಹೋದ ಮೇಲಿನ ಕಷ್ಟ ಯಾರದ್ದು? ಟೂರಿಸ್ಟ್ ವೀಸಾದಲ್ಲಿ ಬಂದವರು ಮತಪ್ರಚಾರ ಮಾಡುವಂತಿಲ್ಲ. ಬಂದವರು ಆ ಗೆರೆ ದಾಟಿ ವಿಮಾನ ಹತ್ತಿದರೆ, ಪೊಲೀಸರಿಗೆ ಉತ್ತರ ಕೊಡಬೇಕಾದವರು ಇಲ್ಲಿನ ಪಾದ್ರಿ. 'ಫಾರಿನ್ ದುಡ್ಡು ಬಂದಿದೆ' ಎಂಬ ಮಾತು ಕೇಳಬೇಕಾದವರು ತಲೆತಲಾಂತರದಿಂದ ಇಲ್ಲೇ ಗದ್ದೆ ಮಾಡಿಕೊಂಡಿರುವ ಕ್ರೈಸ್ತ ಕುಟುಂಬಗಳು. ನಾಳೆ ಊರಲ್ಲಿ ಮುಖ ನೋಡಿಕೊಂಡು ಬಾಳಬೇಕಾದವರು ಅವರು, ಟ್ರಿಪ್ಪಿನವರಲ್ಲ.

ನಾವೇನು ಸಾಚಾಗಳಲ್ಲ. ಓದುವಾಗ ಗ್ರಾಮ ವಾಸ್ತವ್ಯ ಅಂತ ಮೂರು ದಿನ ಕ್ಯಾಮೆರಾ ಹಿಡಿದು ಒಂದು ಊರಿಗೆ ಹೋಗಿದ್ದೆವು. ಅಲ್ಲೊಬ್ಬ ಅಜ್ಜಿ, "ಹೋದ್ವರ್ಷ ಬಂದೋರೂ ಪಟ ಹಿಡ್ಕೊಂಡೋದ್ರು ಕಣಪ್ಪ, ಒಂದೂ ಕೊಡ್ನಿಲ್ಲ" ಅಂದರು. ನಾವೂ ಕೊಡಲಿಲ್ಲ. ಒಂದು ದಿನ ಪೊರಕೆ ಹಿಡಿದು ಫೋಟೊಗೆ ನಿಲ್ಲುವ ನಮ್ಮ ಮುಖಂಡರು, ವೀಕೆಂಡಿಗೆ ಗಿಡ ನೆಟ್ಟು ನೀರು ಹಾಕದೆ ಹೋಗುವ ಕಂಪನಿಯವರು, ಎಲ್ಲರೂ ಇದೇ ಸಾಲಿನವರು.

ಆದ್ದರಿಂದ ಊರಿನವರಿಗೆ ನಮ್ಮ ಮಾತಿಷ್ಟೆ. ಯಾವ ಧರ್ಮದವರೇ ಬರಲಿ, ಹಾರ ತರುವ ಮೊದಲು ಕೇಳಿ. ಈ ಕೆಲಸ ಬೇಕು ಅಂತ ಕೇಳಿದವರು ಯಾರು? ನಮ್ಮವರಿಗೆ ಎಷ್ಟು ಕೂಲಿ ಸಿಗುತ್ತದೆ? ಮಕ್ಕಳ ಫೋಟೊಗೆ ಅಪ್ಪ-ಅಮ್ಮನ ಒಪ್ಪಿಗೆ ಇದೆಯೇ? ಮುಂದಿನ ವರ್ಷ ಕೆಲಸ ಕೆಟ್ಟರೆ ಯಾರನ್ನು ಕೇಳಬೇಕು? ಉತ್ತರ ಇದ್ದರೆ ಒಳಗೆ ಕರೆದು ಊಟ ಹಾಕಿ. ಇಲ್ಲದಿದ್ದರೆ ಕಾಫಿ ಕೊಟ್ಟು, ರಂಗನತಿಟ್ಟಿನ ದಾರಿ ತೋರಿಸಿ.

ಅಲ್ಲಿಗೆ ಬರುವ ಹಕ್ಕಿ ಕೂಡ ಗೂಡು ಕಟ್ಟಿ, ಮರಿಗೆ ರೆಕ್ಕೆ ಬಲಿಯುವ ತನಕ ಇದ್ದು ಹೋಗುತ್ತದೆ.