ಪುಕ್ಕಟೆ ಸರ್ವರ್ ಸರಿ, ಕೆಟ್ಟರೆ ಯಾರನ್ನು ಕೇಳೋದು?

2020ರ ಡಿಸೆಂಬರ್ 8ರಂದು ಅಮೆರಿಕದ ರೆಡ್ ಹ್ಯಾಟ್ ಕಂಪನಿಯ ಕಡೆಯಿಂದ ಒಂದು ಪ್ರಕಟಣೆ ಬಂತು. 2029ರವರೆಗೆ ಅಪ್‌ಡೇಟ್ ಸಿಗುತ್ತದೆ ಎಂದು ಜನ ನಂಬಿದ್ದ ಸೆಂಟ್‌ಓಎಸ್ 8, 2021ರ ಕೊನೆಗೇ ನಿಲ್ಲುತ್ತದೆ ಅನ್ನೋದು ಅದರ ಸಾರ. ಎಂಟು ವರ್ಷದ ಭರವಸೆ ಒಂದೇ ದಿನದಲ್ಲಿ ಹೋಯಿತು. ಅದನ್ನೇ ನೆಚ್ಚಿಕೊಂಡು ಸರ್ವರ್ ನಡೆಸುತ್ತಿದ್ದ ಹೋಸ್ಟಿಂಗ್ ಕಂಪನಿಗಳು, ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ಒಂದೇ ವರ್ಷದಲ್ಲಿ ಬೇರೆ ದಾರಿ ಹುಡುಕಬೇಕಾಯಿತು.

ಇದು ಟೆಕ್ಕಿಗಳ ತಲೆನೋವು, ನಮಗ್ಯಾಕೆ ಅಂತ ಬಿಡೋ ಹಾಗಿಲ್ಲ. ಜಗತ್ತಿನ ಬಹುಪಾಲು ವೆಬ್ ಸರ್ವರ್‌ಗಳು ಓಡುವುದು ಲಿನಕ್ಸ್ ಮೇಲೆ. ಅವುಗಳನ್ನು ಯಾರು ದುರಸ್ತಿ ಮಾಡುತ್ತಾರೆ, ಎಷ್ಟು ದಿನ ಮಾಡುತ್ತಾರೆ ಅನ್ನೋದು ಸಾರ್ವಜನಿಕ ಪ್ರಶ್ನೆ.

ಒಂದೇ ಕೋಡ್, ಎರಡು ದಾರಿ

ಓಪನ್ ಸೋರ್ಸ್ ಕೋಡನ್ನು ಯಾರು ಬೇಕಾದರೂ ಬಳಸಬಹುದು. ರೆಡ್ ಹ್ಯಾಟ್ ಆ ಕೋಡನ್ನು ಪರೀಕ್ಷಿಸಿ, ಜೋಡಿಸಿ, ವಾರ್ಷಿಕ ಚಂದಾಕ್ಕೆ ಕೊಡುತ್ತದೆ. ನಡುರಾತ್ರಿ ಸರ್ವರ್ ಬಿದ್ದರೆ ಫೋನ್ ಎತ್ತುವವರು ಇರುತ್ತಾರೆ. ಇದು ಅಧಿಕೃತ ಬೆಂಬಲ.

2004ರಲ್ಲಿ ಶುರುವಾದ ಸೆಂಟ್‌ಓಎಸ್ ಅದೇ ಕೋಡಿನಿಂದ ರೆಡ್ ಹ್ಯಾಟ್ ಹೆಸರು, ಲಾಂಛನ ತೆಗೆದು ಮತ್ತೆ ಕಟ್ಟಿ ಪುಕ್ಕಟೆ ಹಂಚುತ್ತಿತ್ತು. ತೊಂದರೆ ಬಂದರೆ ಬಲ್ಲವರನ್ನು ಕೇಳಬೇಕು, ಗೊತ್ತಿದ್ದವರು ಹೇಳಿಕೊಡುತ್ತಾರೆ. ಇದು ಸಮುದಾಯದ ಬೆಂಬಲ. ಎಷ್ಟೋ ಸಲ ಇಲ್ಲಿ ಸಿಗುವ ಉತ್ತರ ಕಂಪನಿಯ ಉತ್ತರಕ್ಕಿಂತ ಚೆನ್ನಾಗಿರುತ್ತದೆ. ಆದರೆ ಉತ್ತರ ಸಿಗಲೇಬೇಕು ಅಂತ ಯಾರನ್ನೂ ಕೇಳುವ ಹಕ್ಕು ನಿಮಗಿರೋದಿಲ್ಲ.

2014ರಲ್ಲಿ ರೆಡ್ ಹ್ಯಾಟ್ ಸೆಂಟ್‌ಓಎಸ್ ಯೋಜನೆಯನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. 2019ರಲ್ಲಿ ಐಬಿಎಂ ಸುಮಾರು 3,400 ಕೋಟಿ ಡಾಲರ್ ಕೊಟ್ಟು ರೆಡ್ ಹ್ಯಾಟನ್ನೇ ಕೊಂಡಿತು. ಮರುವರ್ಷವೇ ಆ ಪ್ರಕಟಣೆ. ಅಂದರೆ ಜನ ‘ಸಮುದಾಯದ್ದು’ ಅಂದುಕೊಂಡಿದ್ದರ ಕೀಲಿಕೈ ಆಗಲೇ ಕಂಪನಿಯ ಜೇಬಿನಲ್ಲಿತ್ತು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ಇನ್ನೊಂದು ಹೆಜ್ಜೆ ಇಟ್ಟು, ಚಂದಾ ಆವೃತ್ತಿಯ ಮೂಲ ಕೋಡನ್ನು ಎಲ್ಲರಿಗೂ ತೆರೆದಿಡುವುದನ್ನು ನಿಲ್ಲಿಸಿ, ಗ್ರಾಹಕರಿಗೆ ಸೀಮಿತಗೊಳಿಸಿತು. ಕಂಪನಿಯ ವಾದವೂ ಇದೆ: ನಾವು ಸಂಬಳ ಕೊಟ್ಟು ಮಾಡಿಸಿದ ಕೆಲಸವನ್ನು ಬೇರೆಯವರು ಹಾಗೇ ನಕಲು ಮಾಡಿದರೆ ನಮಗೇನು ಉಳೀತು? ಈ ಪ್ರಶ್ನೆಯನ್ನು ತಳ್ಳಿಹಾಕೋದು ಸುಲಭವಲ್ಲ.

ಸಮುದಾಯ ಸುಮ್ಮನೆ ಕೂರಲಿಲ್ಲ. ಸೆಂಟ್‌ಓಎಸ್ ಹುಟ್ಟುಹಾಕಿದವರಲ್ಲೊಬ್ಬರಾದ ಗ್ರೆಗರಿ ಕರ್ಟ್ಜರ್ ರಾಕಿ ಲಿನಕ್ಸ್ ಶುರು ಮಾಡಿದರು. ಇನ್ನೊಂದು ಕಡೆ ಆಲ್ಮಾ ಲಿನಕ್ಸ್ ಬಂತು. 2021ರಲ್ಲೇ ಎರಡೂ ಬಳಕೆಗೆ ಸಿಕ್ಕವು. ಮುಚ್ಚಿದ ಸಾಫ್ಟ್‌ವೇರ್ ಆಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ಕಂಪನಿ ಬಾಗಿಲು ಮುಚ್ಚಿದರೂ ಹೊಸ ಮನೆ ಕಟ್ಟಿಕೊಳ್ಳುವ ಸ್ವಾತಂತ್ರ್ಯವೇ ಓಪನ್ ಸೋರ್ಸ್‌ನ ನಿಜವಾದ ಬಲ.

ಒಬ್ಬನ ಹೆಗಲ ಮೇಲೆ

ಹಾಗಂತ ಸಮುದಾಯವನ್ನು ದೇವರು ಮಾಡೋದೂ ಬೇಡ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಉಪಕರಣದಲ್ಲಿ ಕಳ್ಳಬಾಗಿಲು ಪತ್ತೆಯಾಯಿತು. ಲಿನಕ್ಸ್ ವ್ಯವಸ್ಥೆಗಳಲ್ಲಿ ಎಲ್ಲೆಡೆ ಬಳಕೆಯಾಗುವ ಇದನ್ನು ವರ್ಷಗಟ್ಟಲೆ ನೋಡಿಕೊಂಡದ್ದು ಹೆಚ್ಚುಕಮ್ಮಿ ಒಬ್ಬನೇ ಸ್ವಯಂಸೇವಕ. ಅವನು ದಣಿದಿದ್ದಾಗ ಸಹಾಯದ ಸೋಗಿನಲ್ಲಿ ಬಂದ ಅನಾಮಿಕನೊಬ್ಬ ಎರಡು ವರ್ಷ ವಿಶ್ವಾಸ ಗಳಿಸಿ, ಕೊನೆಗೆ ವಿಷ ಬೆರೆಸಿದ. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಅನಾಹುತ ತಪ್ಪಿತು.

ಗಮನಿಸಿ: ಕೋಟಿಗಟ್ಟಲೆ ವಹಿವಾಟಿನ ಅಧಿಕೃತ ಬೆಂಬಲವೂ ನಿಂತಿರೋದು ಇಂಥ ಸಂಬಳವಿಲ್ಲದ ಹೆಗಲುಗಳ ಮೇಲೆಯೇ. ಹಾಗಾಗಿ ‘ಕಂಪನಿಯೋ ಸಮುದಾಯವೋ’ ಎಂಬ ಜಗಳ ಅರ್ಧ ಸತ್ಯ. ದುರಸ್ತಿ ಮಾಡುವವರ ಖರ್ಚು ಯಾರು ಹೊರುತ್ತಾರೆ, ನಿಲ್ಲಿಸುವ ನಿರ್ಧಾರ ಯಾರ ಕೈಯಲ್ಲಿದೆ ಎಂಬುದೇ ಅಸಲಿ ಪ್ರಶ್ನೆ.

ಜರ್ಮನಿ ಇದಕ್ಕೊಂದು ಉತ್ತರ ಹುಡುಕಿದೆ. 2022ರಲ್ಲಿ ಶುರುವಾದ ಸಾವರಿನ್ ಟೆಕ್ ಫಂಡ್ ಮೂಲಕ ಅಲ್ಲಿ ಸರ್ಕಾರಿ ಹಣ ಇಂಥ ತಳಪಾಯದ ಯೋಜನೆಗಳ ನಿರ್ವಹಣೆಗೆ ಹೋಗುತ್ತಿದೆ. ರಸ್ತೆ, ಸೇತುವೆ ರಿಪೇರಿಗೆ ದುಡ್ಡು ಇಟ್ಟ ಹಾಗೆ.

ನಮ್ಮಲ್ಲಿ? ಸರ್ಕಾರಿ ಕೆಲಸಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ 2015ರಲ್ಲೇ ತಂದಿದೆ. ಆದರೆ ಆದ್ಯತೆ ಅಂದರೆ ‘ಲೈಸೆನ್ಸ್ ದುಡ್ಡು ಉಳೀತು’ ಅಂತಷ್ಟೇ ಓದಿಕೊಂಡರೆ, ಕಂಪನಿಯ ಒಪ್ಪಂದವೂ ಇಲ್ಲ, ಸಮುದಾಯದಲ್ಲಿ ಪಾಲೂ ಇಲ್ಲ ಎಂಬ ತ್ರಿಶಂಕು ಸ್ಥಿತಿ. ಕೇರಳ ಬೇರೆ ದಾರಿ ಹಿಡಿಯಿತು. ಅದು ಸರ್ವರ್‌ಗಳ ಕತೆಯಲ್ಲ, ಶಾಲಾ ಕಂಪ್ಯೂಟರ್‌ಗಳದ್ದು. ಅಲ್ಲಿನ ಸರ್ಕಾರಿ ಸಂಸ್ಥೆ ಕೈಟ್ ಉಬುಂಟು ಆಧರಿಸಿ ತನ್ನದೇ ಲಿನಕ್ಸ್ ರೂಪಿಸಿ, ಶಿಕ್ಷಕರಿಗೂ ತರಬೇತಿ ಕೊಟ್ಟಿತು. ಬೆಂಬಲ ಕೊಡುವ ಶಕ್ತಿಯನ್ನು ಮನೆಯೊಳಗೇ ಬೆಳೆಸಿಕೊಳ್ಳೋದು ಅಂದರೆ ಇದೇ.

ಮುಂದಿನ ಸಲ ಯಾವುದೋ ಇಲಾಖೆಯ ಆನ್‌ಲೈನ್ ಸೇವೆ ಕೈಕೊಟ್ಟಾಗ ‘ಸರ್ವರ್ ಡೌನ್’ ಅಂತ ಮೀಮ್ ಹಾಕಿ ನಗೋಣ, ತಪ್ಪಿಲ್ಲ. ಜೊತೆಗೆ ಒಂದು ಆರ್‌ಟಿಐ ಅರ್ಜಿಯನ್ನೂ ಹಾಕೋಣ: ಈ ಸಾಫ್ಟ್‌ವೇರ್‌ಗೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ? ದುರಸ್ತಿಯ ಹೊಣೆ ಯಾರದ್ದು? ಲೈಸೆನ್ಸ್‌ನಲ್ಲಿ ಉಳಿಸಿದ ಹಣದಲ್ಲಿ ನಿರ್ವಹಣೆಗೆ ಎಷ್ಟು ಹೋಯಿತು?