ಸವಳು ನೆಲವೂ ಗೋಧಿಯ ಮೊಳಕೆಯೂ

ಉಪ್ಪಿಗಿಂತ ರುಚಿಯಿಲ್ಲವೆಂಬುದು ನಮ್ಮ ಹಿರಿಯರ ಮಾತು. ಅಡುಗೆಯಲ್ಲಿ ಹಿತವಾದ ಆ ಉಪ್ಪೇ ಹೊಲದಲ್ಲಿ ಮಿತಿಮೀರಿದರೆ ಅನ್ನದ ಮೂಲಕ್ಕೇ ಕುತ್ತು ತರುತ್ತದೆ. ಭಾರತದಲ್ಲಿ ಸುಮಾರು 67 ಲಕ್ಷ ಹೆಕ್ಟೇರ್ ಭೂಮಿ ಸವಳಿನಿಂದಲೋ ಕ್ಷಾರದಿಂದಲೋ ಕೆಟ್ಟಿದೆಯೆಂದು ಅಂದಾಜು ಮಾಡಲಾಗಿದೆ. ಗೋಧಿಯ ಕಣಜಗಳೆನಿಸಿದ ಪಂಜಾಬ್, ಹರಿಯಾಣ, ಉತ್ತರ ಪ್ರದೇಶಗಳೂ ಈ ಪಿಡುಗಿಗೆ ಹೊರತಲ್ಲ. ನಮ್ಮ ತುಂಗಭದ್ರಾ, ಮಲಪ್ರಭಾ ಅಚ್ಚುಕಟ್ಟುಗಳ ರೈತರಿಗೂ ಸವಳು-ಜವಳುಗಳ ಕಷ್ಟ ಹೊಸತಲ್ಲ.

ಉಪ್ಪು ಸಸಿಯನ್ನು ಎರಡು ಬಗೆಯಾಗಿ ಪೀಡಿಸುತ್ತದೆ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಾಗ ಬೀಜವೂ ಬೇರೂ ಅದನ್ನು ಸುಲಭವಾಗಿ ಹೀರಲಾರವು. ತೇವದ ನಡುವೆಯೇ ಅವು ಬಾಯಾರಿ ಬಳಲುತ್ತವೆ. ಬಳಿಕ ಸೋಡಿಯಂ ಒಳಹೊಕ್ಕು, ಪೊಟ್ಯಾಸಿಯಂ ಇರಬೇಕಾದ ಎಡೆಯನ್ನು ಆಕ್ರಮಿಸಿ, ಎಲೆಗಳನ್ನು ಸುಡುತ್ತದೆ. ಬೆಳೆದ ಗೋಧಿ ತಕ್ಕಮಟ್ಟಿಗೆ ತಾಳಿಕೊಂಡೀತು. ಎಳೆಯ ಮೊಳಕೆಗೆ ಆ ಶಕ್ತಿ ಎಲ್ಲಿಯದು? ಮೊಳಕೆ ಸತ್ತರೆ ರೈತನು ಮತ್ತೊಮ್ಮೆ ಬಿತ್ತಬೇಕು. ತಡವಾಗಿ ಬಿತ್ತಿದ ಗೋಧಿ ಕಾಳು ಕಟ್ಟುವ ಹೊತ್ತಿಗೆ ಬಿಸಿಲಿಗೆ ಸಿಕ್ಕಿ ಜೊಳ್ಳಾಗುತ್ತದೆ.

ಈ ಸಂಕಟಕ್ಕೆ ಬೀಜೋಪಚಾರವು ಒಂದು ಸುಲಭೋಪಾಯ. ಬೀಜವನ್ನು ಒಂದು ರಾತ್ರಿ, ಎಂದರೆ ಸುಮಾರು 12 ಗಂಟೆಗಳ ಕಾಲ, ಸಿಹಿನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಆರಿಸಿ ಬಿತ್ತುವುದೇ ಅದರ ಸರಳ ರೂಪ. ತೀರ ತೆಳುವಾದ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಸ್ಯಾಲಿಸಿಲಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿಯೂ ವಿಜ್ಞಾನಿಗಳು ಪ್ರಯೋಗ ನಡೆಸಿದ್ದಾರೆ. ನೆನೆದ ಬೀಜದಲ್ಲಿ ಕಿಣ್ವಗಳು ಎಚ್ಚರಗೊಂಡು, ಮೊಳೆಯುವ ಸಿದ್ಧತೆ ಬಿತ್ತನೆಗೆ ಮುನ್ನವೇ ಆರಂಭವಾಗಿರುತ್ತದೆ. ಆದುದರಿಂದ ಅದು ಬೇಗನೆ ಮೊಳೆತು ಬೇರೂರಿಕೊಳ್ಳುತ್ತದೆ. ಆದರೆ ಹದ ತಪ್ಪಬಾರದು: ಹೆಚ್ಚು ಹೊತ್ತು ನೆನೆದು ಮೂತಿಯೊಡೆದ ಬೀಜವನ್ನು ಒಣಗಿಸಿದರೆ ಅದು ಕೆಡುತ್ತದೆ.

ಇಷ್ಟು ಅಲ್ಪವೆಚ್ಚದ ಕ್ರಮವನ್ನು ಕ್ಷುಲ್ಲಕವೆಂದು ಕಡೆಗಣಿಸುವುದು ವಿವೇಕವಲ್ಲ. ಬಡ ರೈತನಿಗೆ ಮೊದಲ ಬಿತ್ತನೆ ಉಳಿಯುವುದೇ ದೊಡ್ಡ ಲಾಭ. ಆದರೆ ಬೀಜವೇ ಗಟ್ಟಿಯಾದ ಮೇಲೆ ನೆಲದ ಚಿಂತೆಯೇಕೆ ಎಂಬ ವಾದವನ್ನೂ ಒಪ್ಪಲಾಗದು. ಉಪಚಾರದ ಬಲ ಎಳೆತನದ ಕೆಲವು ವಾರಗಳಿಗೆ. ಉಪ್ಪಾದರೋ ನೆಲದಲ್ಲಿಯೇ ನಿಂತಿರುತ್ತದೆ. ಬಸಿಗಾಲುವೆಯಿಲ್ಲದ ಹೊಲಕ್ಕೆ ಹಾಯಿಸಿದ ನೀರು ಆರಿಹೋದರೂ ಅದು ತಂದ ಲವಣ ಅಲ್ಲಿಯೇ ಉಳಿಯುತ್ತದೆ. ಕ್ಷಾರಭೂಮಿಗೆ ಜಿಪ್ಸಂ ಬೇಕು, ಸವಳಿಗೆ ಬಸಿಗಾಲುವೆ ಬೇಕು. ಬಾವಿಯ ಕೊಳೆಯನ್ನು ತೆಗೆಯದೆ ಮಗುವಿಗೆ ಮದ್ದು ಕುಡಿಸುತ್ತ ಕುಳಿತರೆ ಆರೋಗ್ಯವೆಲ್ಲಿಂದ ಬಂದೀತು?

ತಳಿಯ ಆಯ್ಕೆಯೂ ಅಷ್ಟೇ ಮುಖ್ಯ. ರಾಜಸ್ಥಾನದ ಪಾಲಿ ಸೀಮೆಯ ರೈತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಖಾರ್ಚಿಯಾ ಗೋಧಿ ಉಪ್ಪನ್ನು ತಾಳುವುದಕ್ಕೆ ಹೆಸರಾದುದು. 1969ರಲ್ಲಿ ಸ್ಥಾಪಿತವಾದ ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯು ಅದರ ವಂಶದಿಂದಲೇ ಕೆ.ಆರ್.ಎಲ್. 1-4 ಎಂಬ ತಳಿಯನ್ನು ರೂಪಿಸಿತು. ರೈತನ ಅನುಭವವೂ ವಿಜ್ಞಾನಿಯ ಶೋಧನೆಯೂ ಕೈಗೂಡಿದರೆ ಎಂತಹ ಫಲ ದೊರೆಯುವುದೆಂಬುದಕ್ಕೆ ಇದೊಂದು ನಿದರ್ಶನ.

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುವುದೆಂಬುದು ದಿಟ. ಆದರೆ ಆ ಮೊಳಕೆ ಕಾಲೂರಿ ನಿಲ್ಲುವುದು ಮಣ್ಣಿನಲ್ಲಿ. ಬೀಜಕ್ಕೆ ಒಂದು ರಾತ್ರಿಯ ಆರೈಕೆ ಸಾಕು; ನೆಲಕ್ಕೆ ಪ್ರತಿವರ್ಷದ ಆರೈಕೆ ಬೇಕು. ಮೊದಲನೆಯದನ್ನು ಇಂದೇ ಮಾಡೋಣ, ಎರಡನೆಯದನ್ನು ಎಂದೂ ಬಿಡದಿರೋಣ.